ಖಾಲಿ ತೋಟಾದ ಸಿಳ್ಳೆಗೆ ಸೀಳುನಾಯಿ ಬರುವುದೇಕೆ?

ಬಂಡೀಪುರ, ನಾಗರಹೊಳೆಗಳ ಪೊದೆಗಾಡಿನಲ್ಲಿ ಜಿಂಕೆಯ ಬೆನ್ನಟ್ಟಿದ ಸೀಳುನಾಯಿಗಳ ಹಿಂಡು ಚೆದುರಿಹೋದಾಗ ಅವು ಮತ್ತೆ ಒಂದುಗೂಡುವುದು ಬೊಗಳಿ ಅಲ್ಲ, ಊಳಿಟ್ಟೂ ಅಲ್ಲ. ಒಂದೇ ಸ್ಥಾಯಿಯಲ್ಲಿ, ಬಿಟ್ಟು ಬಿಟ್ಟು ಮೊಳಗುವ ಸಿಳ್ಳೆಯಿಂದ. 12ರಿಂದ 20 ಕಿಲೋ ತೂಗುವ ಈ ಪ್ರಾಣಿಗೆ ಕಡವೆಯಂಥ ದೊಡ್ಡ ಬೇಟೆ ದಕ್ಕುವುದು ಹಿಂಡಿನ ಬಲದಿಂದಲೇ ಆದ್ದರಿಂದ, ಸಂಗಾತಿಗಳು ಕಣ್ಮರೆಯಾದಾಗ ಅವುಗಳ ದಿಕ್ಕನ್ನು ಕಿವಿಯಿಂದಲೇ ಹಿಡಿಯಬೇಕಾಗುತ್ತದೆ. ಚಿಕ್ಕದಾಗಿ ಮರುಕಳಿಸುವ ದನಿಯ ಮೂಲವನ್ನು ಗುರುತಿಸುವುದು ಸುಲಭ. ಎರಡು ಕಿವಿಗಳಿಗೆ ಅದು ತಲುಪುವ ಕ್ಷಣದ ವ್ಯತ್ಯಾಸವನ್ನು ಪ್ರತಿ ಸಲವೂ ಹೊಸದಾಗಿ ಅಳೆಯಲು ಅವಕಾಶ ಸಿಗುತ್ತದೆ.

ಈ ಸಿಳ್ಳೆಯನ್ನು ಮನುಷ್ಯ ಅನುಕರಿಸಿದ ಬಗೆ ಮಾತ್ರ ವಿಚಿತ್ರವಾದದ್ದು. ಗುಂಡು ಹಾರಿದ ಮೇಲೆ ಉಳಿಯುವ ತೋಟಾದ ಹಿತ್ತಾಳೆ ಕೊಳವೆಯನ್ನು ನೆಟ್ಟಗೆ ಹಿಡಿದು, ಅದರ ಬಾಯಂಚನ್ನು ಕೆಳತುಟಿಗೆ ತಾಗಿಸಿ, ಉಸಿರನ್ನು ಒಳಕ್ಕೆ ಊದದೆ ಅಡ್ಡಲಾಗಿ ಹಾಯಿಸಿದರೆ ಸೀಳುನಾಯಿಯ ದನಿಗೆ ತೀರ ಹತ್ತಿರದ ಸಿಳ್ಳೆ ಹೊರಡುತ್ತದೆ. ಅದನ್ನು ಕೇಳಿ ನಾಯಿಗಳು ಸಮೀಪಕ್ಕೆ ಬಂದುದನ್ನು ಬೇಟೆಗಾರರೂ ಅನಂತರದ ಪ್ರಾಣಿತಜ್ಞರೂ ದಾಖಲಿಸಿದ್ದಾರೆ. ಕೊಳವೆಯೊಳಗಿನ ಗಾಳಿಯು ತನ್ನ ಉದ್ದಕ್ಕೆ ತಕ್ಕ ವೇಗದಲ್ಲಿ ಕಂಪಿಸುವುದನ್ನು ಅನುರಣನ ಎನ್ನುತ್ತಾರೆ. ಒಂದು ತುದಿ ಮುಚ್ಚಿದ, 6 ಸೆಂ.ಮೀ. ಉದ್ದದ ನೇರ ಕೊಳವೆಯಲ್ಲಿ ಈ ಕಂಪನ ಸೆಕೆಂಡಿಗೆ ಸುಮಾರು 1,400 ಸಲ ನಡೆಯುತ್ತದೆ, ಕೊಳವೆ ಗಿಡ್ಡವಾದಷ್ಟೂ ಸಿಳ್ಳೆ ಕೀರಲಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಮೊದಲು ಸೀಳುನಾಯಿಯನ್ನು ಪೀಡೆಯೆಂದು ಎಣಿಸಿ, ಕೊಂದವರಿಗೆ ಇನಾಮು ಕೊಡುತ್ತಿದ್ದುದನ್ನು ನೆನೆದರೆ, ಕೊಲ್ಲುವ ಸಾಧನವೇ ಕರೆಯುವ ಸಾಧನವೂ ಆದುದು ಕಾಕತಾಳೀಯವೇನಲ್ಲ. ಆ ಕಾಲದಲ್ಲಿ ಕಾಡಿಗೆ ಹೋದವರ ಜೇಬಿನಲ್ಲಿ ಇರುತ್ತಿದ್ದುದೇ ಅದು.

ಹೀಗೆ ಬರುವ ನಾಯಿ ಮೋಸಹೋಗಿಯೇ ಬರುತ್ತದೆ ಎಂಬ ಶಿಕಾರಿ ಕತೆಗಳ ಧಾಟಿಯನ್ನು ಮಾತ್ರ ಹಾಗೆಯೇ ಒಪ್ಪುವುದು ಕಷ್ಟ. ಸಾಕಿಟ್ಟ ಸೀಳುನಾಯಿಗಳ ಸಿಳ್ಳೆಗಳನ್ನು ಧ್ವನಿಮುದ್ರಿಸಿ ಹೋಲಿಸಿದ ಎಲ್. ಎಸ್. ಡರ್ಬಿನ್ ಅವರು 1998ರಲ್ಲಿ, ಒಂದೊಂದು ನಾಯಿಯ ಸಿಳ್ಳೆಗೂ ತನ್ನದೇ ಆದ ಛಾಪಿದೆಯೆಂದು ತೋರಿಸಿದರು. ಆ ವ್ಯತ್ಯಾಸ ನಾಯಿಗಳ ಕಿವಿಗೂ ತಿಳಿಯುವುದಾದರೆ, ತೋಟಾದ ದನಿ ಅವುಗಳಿಗೆ ಸಂಗಾತಿಯ ಕರೆಯಾಗಿ ಕೇಳಿಸದೆ, ತಮ್ಮ ನೆಲೆಯೊಳಗೆ ನುಗ್ಗಿದ ಅಪರಿಚಿತನ ಸದ್ದಾಗಿಯೇ ಕೇಳಿಸಿರಬಹುದು. ಆಗ ಅವು ಬರುವುದು ಯಾರೆಂದು ನೋಡಲು, ಸೇರಿಕೊಳ್ಳಲು ಅಲ್ಲ.

ಕರೆಗೆ ಬರುವ ಪ್ರಾಣಿ ಲೆಕ್ಕಹಾಕಿಯೇ ಬರುತ್ತದೆ ಎಂಬುದಕ್ಕೆ ಆಫ್ರಿಕಾದಲ್ಲಿ ಗಟ್ಟಿ ಆಧಾರವಿದೆ. ಸೆರೆಂಗೆಟಿಯಲ್ಲಿ ಕರೆನ್ ಮೆಕೋಂಬ್ ಮತ್ತು ಸಂಗಡಿಗರು ಅಪರಿಚಿತ ಸಿಂಹಿಣಿಗಳ ಗರ್ಜನೆಯನ್ನು ಧ್ವನಿವರ್ಧಕದಲ್ಲಿ ಕೇಳಿಸಿದಾಗ, ಒಂದು ದನಿಗೆ ಮುನ್ನುಗ್ಗಿದ ಸಿಂಹಿಣಿಗಳು ಮೂರು ದನಿ ಒಟ್ಟಿಗೆ ಕೇಳಿದಾಗ ಹಿಂಜರಿದುದು 1994ರಲ್ಲಿ ಪ್ರಕಟವಾಯಿತು. ಬೇಟೆಯ ಮೇಲೆ ಕಚ್ಚಾಡುವ ಕತ್ತೆಕಿರುಬಗಳ ಕೂಗನ್ನು ಮೊಳಗಿಸಿ, ಓಡಿಬಂದ ಕಿರುಬ, ಸಿಂಹಗಳನ್ನು ಎಣಿಸುವ ಪದ್ಧತಿಯೂ ಅಲ್ಲಿದೆ. ಆದರೆ ಹೊಟ್ಟೆ ತುಂಬಿದ, ಮರಿಯಿರುವ, ಇಲ್ಲವೇ ಅದೇ ಸದ್ದನ್ನು ಹಲವು ಸಲ ಕೇಳಿ ರೂಢಿಯಾದ ಪ್ರಾಣಿ ಕೇಳಿಸಿದರೂ ಕದಲದೆ ಇರಬಹುದಾದ್ದರಿಂದ, ಎಲ್ಲಿವೆಯೆಂದು ಮೊದಲೇ ಗೊತ್ತಿರುವ ಪ್ರಾಣಿಗಳಿಗೆ ಬೇರೆ ಬೇರೆ ದೂರದಿಂದ ಕರೆಯನ್ನು ಕೇಳಿಸಿ, ಎಷ್ಟು ಪಾಲು ಬರುತ್ತವೆಂದು ಅಳೆದುಕೊಳ್ಳದೆ ಆ ಎಣಿಕೆಗೆ ಬೆಲೆಯಿಲ್ಲ. ಪಟ್ಟೆಗಳಿಂದ ಹುಲಿಯನ್ನು ಗುರುತಿಸುವ ನಾಗರಹೊಳೆಯ ಕ್ಯಾಮೆರಾ ವಿಧಾನಕ್ಕೆ ಈ ತೊಡಕಿಲ್ಲ. ಪ್ರಾಣಿಯ ಮರ್ಜಿಯನ್ನು ಅದು ಕೇಳುವುದೇ ಇಲ್ಲ.

ಸೀಳುನಾಯಿ ಇಂದು ಜಾಗತಿಕವಾಗಿ ಅಳಿವಿನಂಚಿನ ಪ್ರಾಣಿ. ಒಮ್ಮೆ ತೋಟಾ ಮಾಡಿದ ಕೆಲಸವನ್ನು ಈಗ ಮೊಬೈಲ್ ಫೋನ್ ಸಲೀಸಾಗಿ ಮಾಡುವುದರಿಂದ ಹೇಳಲೇಬೇಕಾದ ಮಾತೊಂದಿದೆ: ಅಭಯಾರಣ್ಯದಲ್ಲಿ ಪ್ರಾಣಿಯನ್ನು ಕೆಣಕುವುದನ್ನು ಅದೇ 1972ರ ಕಾಯ್ದೆ ನಿಷೇಧಿಸುತ್ತದೆ. ಸಫಾರಿಗೆ ಹೋಗುವವರು ಕರೆದು ನೋಡುವ ಆಸೆಯನ್ನು ಬಿಡಬೇಕು.