ಮಳಿ ಬಂದ್ರ ಮಾತ್ರ ಕೆಡೋ ಗಾಡಿ

ಕಳೆದ ವರ್ಷ ಉತ್ತರಿ ಮಳೆ ಹಿಡಿದಿದ್ದ ಒಂದು ಭಾನುವಾರ. ರಾಯಚೂರಿನಲ್ಲಿ ನನ್ನ ಪರೀಕ್ಷೆ. ಹತ್ತು ಗಂಟೆಗೆ ಕೇಂದ್ರದ ಗೇಟು ಮುಚ್ಚುತ್ತದೆ ಎಂದು ಪ್ರವೇಶಪತ್ರದಲ್ಲೇ ಬರೆದಿತ್ತು. ಹಟ್ಟಿಯಿಂದ ರಾಯಚೂರಿಗೆ ಸುಮಾರು ಎಪ್ಪತ್ತು ಕಿಲೋಮೀಟರ್. ಬಸ್ಸು ನಂಬಿಕೊಂಡು ಕೂರುವುದು ಬೇಡವೆಂದು ಅಪ್ಪ ನಸುಕಿನಲ್ಲೇ ಕಾರು ತೆಗೆದರು. ಗಣಿ ಕೆಲಸದಿಂದ ನಿವೃತ್ತರಾದಾಗ ಕೊಂಡ ಸೆಕೆಂಡ್ ಹ್ಯಾಂಡ್ ಮಾರುತಿ 800 ಅದು. ಹಳೇ ಕಾರ್ಬುರೇಟರ್ ಮಾಡೆಲ್.

ಕವಿತಾಳ ದಾಟುವವರೆಗೂ ಚೆನ್ನಾಗಿಯೇ ಓಡಿತು. ಮಳೆ ಜೋರಾದದ್ದೇ ತಡ, ಗಾಡಿ ಬಿಕ್ಕಳಿಸತೊಡಗಿತು. ಎಕ್ಸಲರೇಟರ್ ಒತ್ತಿದಷ್ಟೂ ಜಗ್ಗಿ ಜಗ್ಗಿ ನಿಲ್ಲುತ್ತದೆ. ಸಿರವಾರಕ್ಕೆ ಮೊದಲೇ ಪೂರ್ತಿ ಬಂದ್. ಅಪ್ಪ ಕೊಡೆ ಹಿಡಿದು ಬಾನೆಟ್ ಎತ್ತಿ ನೋಡಿದರು, ಮುಚ್ಚಿದರು, ಮತ್ತೆ ಎತ್ತಿದರು. ಕೊನೆಗೆ ಒಂದು ಟಂಟಂ ಹಿಡಿದು, ಮುಂದೆ ಬಸ್ಸು ಹತ್ತಿ ನಾನು ಕೇಂದ್ರ ಮುಟ್ಟಿದಾಗ ಹತ್ತು ಇಪ್ಪತ್ತು. ಗೇಟಿನಾಚೆ ನನ್ನ ಹಾಗೆಯೇ ಇನ್ನೂ ನಾಲ್ಕೈದು ಜನ ನಿಂತಿದ್ದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ವಾಪಸು ಬರುವಾಗ ಮಳೆ ನಿಂತಿತ್ತು. ಅಪ್ಪ ಸೆಲ್ಫ್ ಹೊಡೆದರು. ಗಾಡಿ ಏನೂ ಆಗೇ ಇಲ್ಲವೆಂಬಂತೆ ಚಾಲೂ ಆಯಿತು. ಆಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ರಿಪೇರಿ ಮಾಡಿದ್ದು ಯಾರು?

ಹಾಗಂತ ನಾವು ಕೈಕಟ್ಟಿ ಕೂತಿರಲಿಲ್ಲ. ಆ ಮಳೆಗಾಲವೊಂದರಲ್ಲೇ ಮೂರು ಸಲ ಗಾಡಿಯನ್ನು ಗ್ಯಾರೇಜಿಗೆ ಬಿಟ್ಟಿದ್ದೆವು. ಮೊದಲ ಸಲ ಪ್ಲಗ್ ಬದಲಾದವು. ಎರಡನೇ ಸಲ ಪೆಟ್ರೋಲ್ ಫಿಲ್ಟರ್ ಬದಲಾಗಿ, ಕಾರ್ಬುರೇಟರ್ ಸರ್ವಿಸಿಂಗ್ ಆಯಿತು. ಮೂರನೇ ಸಲ ‘ಎಂಜಿನ್ನೇ ಇಳಿಸಬೇಕು’ ಎಂಬ ಮಾತು ಬಂತು. ಪ್ರತಿ ಸಲವೂ ಗಾಡಿ ಗ್ಯಾರೇಜಿನಿಂದ ಚೆನ್ನಾಗಿಯೇ ಹೊರಬಂತು. ಪ್ರತಿ ಸಲವೂ ಮುಂದಿನ ಮಳೆಗೆ ಮತ್ತದೇ ಬಿಕ್ಕಳಿಕೆ.

ಎಲ್ಲ ಸೇರಿ ಒಂಬತ್ತು ಸಾವಿರ ರೂಪಾಯಿ ಕೈಬಿಟ್ಟ ಮೇಲೆ, ನೆರೆಯವರೊಬ್ಬರು ಹಳೇ ಗಾಡಿಗಳನ್ನಷ್ಟೇ ನೋಡುವ ಚಾಚಾ ಒಬ್ಬರ ಬಳಿ ಹೋಗಲು ಹೇಳಿದರು. ಕ್ಯಾಂಪಿನ ಕಡೆಯ ರಸ್ತೆಯಲ್ಲಿ ತಗಡಿನ ಶೆಡ್ಡು. ಅಪ್ಪನ ಜತೆ ನಾನೂ ಹೋದೆ. ಬಿ.ಎಸ್ಸಿ ಮುಗಿಸಿ ಎರಡು ವರ್ಷದಿಂದ ಮನೆಯಲ್ಲಿ ಕೂತು ಓದುವವಳಿಗೆ ಹೊರಗೆ ಹೋಗಲು ನೆಪವೊಂದು ಸಿಕ್ಕರೆ ಸಾಕು.

ಅಪ್ಪ ಕಥೆಯೆಲ್ಲ ಹೇಳಿದರು. ಚಾಚಾ ಬಾನೆಟ್ ಎತ್ತಲೇ ಇಲ್ಲ. ಸ್ಟೂಲಿನ ಮೇಲೆ ಕೂತು ಪ್ರಶ್ನೆ ಕೇಳತೊಡಗಿದರು.

‘ಬರೇ ಮಳಿಗಷ್ಟ ಹಿಂಗ ಆಗ್ತದೋ, ಚಳಿಗಾಲದ ಥಂಡಿಗೂ ಆಗ್ತದೋ?’

‘ಮಳಿಗಷ್ಟ.’

‘ಗಾಡಿ ತೊಳ್ದ ಮ್ಯಾಲ?’

ಅಪ್ಪ ಯೋಚಿಸಿದರು. ‘ಹೌದ್ರಿ, ಒಂದೆರಡು ಸಲ ಆಗೇತಿ.’

‘ತಾಸು ನಿಲ್ಲಿಸಿದ್ರ ತಾನ ಸರಿ ಆಗ್ತದೇನು?’

‘ಆಗ್ತದ.’

‘ಹಂಗಾದ್ರ ಪೆಟ್ರೋಲಿಂದಲ್ಲ ಬಿಡ್ರಿ. ಪೆಟ್ರೋಲಿನಾಗ ನೀರು ಸೇರಿದ್ರ ಬಿಸಿಲಾಗೂ ಮಿಸ್ಸಿಂಗ್ ಹೊಡೀತದ. ಇದು ಕರೆಂಟಿಂದು. ನಿಮ್ಮ ಗಾಡಿ ಇಲ್ಲೀತನ ಯಾರೂ ರಿಪೇರಿ ಮಾಡಿಲ್ಲ. ಮಳಿ ನಿಂತದ್ದಕ್ಕ ರೊಕ್ಕ ಕೊಟ್ಟೀರಿ.’

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಿಜ. ಒಣಗಿದರೆ ತಾನೇ ಸರಿಹೋಗುವ ದೋಷ ಇದು. ಗ್ಯಾರೇಜಿನಲ್ಲಿ ಎರಡು ದಿನ ನಿಂತರೆ ಒಣಗಿಯೇ ಒಣಗುತ್ತದೆ. ಆ ಎರಡು ದಿನದಲ್ಲಿ ಯಾವ ಭಾಗ ಬದಲಿಸಿದರೂ ಅದರಿಂದಲೇ ಸರಿಯಾಯಿತು ಎಂದು ಎಲ್ಲರಿಗೂ ಅನ್ನಿಸುತ್ತದೆ. ಯಾರೂ ಮೋಸ ಮಾಡಬೇಕಾಗಿಯೇ ಇಲ್ಲ.

ಕತ್ತಲಲ್ಲಿ ನೀಲಿ ಬೆಳಕು

‘ರಾತ್ರಿ ಎಂಟಕ್ಕ ಬರ್ರಿ’ ಎಂದರು ಚಾಚಾ. ರಿಪೇರಿಗೆ ರಾತ್ರಿ ಯಾಕೆ ಎಂದು ನಮಗೆ ಅರ್ಥವಾಗಲಿಲ್ಲ. ಹೋದೆವು.

ಮೊದಲು ಟಾರ್ಚ್ ಹಿಡಿದು ಎಲ್ಲಾದರೂ ಪೆಟ್ರೋಲ್ ಸೋರುತ್ತಿದೆಯೇ ಎಂದು ನೋಡಿದರು. ಆಮೇಲೆ ಎಂಜಿನ್ ಚಾಲೂ ಮಾಡಿಸಿ ಶೆಡ್ಡಿನ ಲೈಟು ಆರಿಸಿದರು. ಕೈಯಲ್ಲಿ ಕಟಿಂಗ್ ಅಂಗಡಿಯವರು ತಲೆಗೆ ನೀರು ಸಿಂಪಡಿಸುವಂಥದ್ದೇ ಒಂದು ಬಾಟಲಿ. ‘ವೇಲ್ ಬಿಗಿ ಕಟ್ಗೋ ಬೇಟಿ, ಫ್ಯಾನ್ ಬೆಲ್ಟಿಗೆ ಸಿಕ್ಕೀತು. ಯಾವ ವೈರಿಗೂ ಕೈ ಹಚ್ಚಬ್ಯಾಡ’ ಎಂದು ನನಗೆ ಹೇಳಿ, ಮಂಜಿನಂತೆ ನೀರು ಸಿಂಪಡಿಸತೊಡಗಿದರು. ಎಲ್ಲ ಕಡೆಗೂ ಒಮ್ಮೆಲೇ ಅಲ್ಲ. ಮೊದಲು ಕಾಯಿಲ್ ಮೇಲೆ. ಒಂದು ನಿಮಿಷ ಕಾದರು. ಎಂಜಿನ್ ಸದ್ದು ಬದಲಾಗಲಿಲ್ಲ. ಮೊದಲನೇ ಪ್ಲಗ್ ವೈರಿನ ಮೇಲೆ. ಏನೂ ಇಲ್ಲ. ಎರಡನೇ ವೈರಿಗೆ ನೀರು ತಾಗಿದ್ದೇ ಎಂಜಿನ್ ಬಿಕ್ಕಳಿಸಿತು. ಕತ್ತಲಲ್ಲಿ ಆ ವೈರಿನಿಂದ ಎಂಜಿನ್ನಿನ ಕಬ್ಬಿಣಕ್ಕೆ ನೀಲಿ ಕಿಡಿಗಳು ಚಟಚಟ ಹಾರುತ್ತಿದ್ದವು. ಹಗಲಲ್ಲಾಗಿದ್ದರೆ ಅವು ಕಾಣುತ್ತಲೇ ಇರಲಿಲ್ಲ.

ನಾನು ಭೌತಶಾಸ್ತ್ರ ಓದಿದವಳು. ಇಂಡಕ್ಷನ್ ಕಾಯಿಲ್ ಬಗ್ಗೆ ಹತ್ತು ಅಂಕದ ಉತ್ತರ ಬರೆದು ಪಾಸಾದವಳು. ಅದು ನಮ್ಮನೆ ಗಾಡಿಯಲ್ಲೇ ಇದೆ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಬ್ಯಾಟರಿಯ 12 ವೋಲ್ಟನ್ನು ಕಾಯಿಲ್ 20 ಸಾವಿರ ವೋಲ್ಟ್‌ನ ಆಸುಪಾಸಿಗೆ ಏರಿಸುತ್ತದೆ. ಡಿಸ್ಟ್ರಿಬ್ಯೂಟರ್ ಅದನ್ನು ಸರದಿಯಂತೆ ಮೂರು ಪ್ಲಗ್‌ಗಳಿಗೆ ಹಂಚುತ್ತದೆ. ಪ್ಲಗ್ ತುದಿಯಲ್ಲಿ ಒಂದು ಮಿಲಿಮೀಟರಿಗೂ ಕಡಿಮೆ ಇರುವ ಸಂದಿಯನ್ನು ಕಿಡಿ ಹಾರಿ ದಾಟಬೇಕು. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಒಂದೊಂದು ಪ್ಲಗ್ಗೂ ಸೆಕೆಂಡಿಗೆ 25 ಸಲ ಹೀಗೆ ಕಿಡಿ ಹೊಡೆಯುತ್ತದೆ.

ಆದರೆ ಕರೆಂಟು ಸುಲಭದ ದಾರಿ ಕಂಡರೆ ಕಷ್ಟದ ದಾರಿ ಹಿಡಿಯುವುದಿಲ್ಲ. ವೈರಿನ ಮೇಲಿನ ರಬ್ಬರ್ ವಯಸ್ಸಾಗಿ ಕೂದಲೆಳೆಯಷ್ಟು ಸೀಳಿದ್ದರೆ, ಒಣಗಿದ್ದಾಗ ಅಲ್ಲಿ ಗಾಳಿಯೇ ತಡೆ. ನಮ್ಮ ಕಡೆಯ ರಸ್ತೆಯ ಧೂಳು ಅದರ ಮೇಲೆ ಪದರವಾಗಿ ಕೂರುತ್ತದೆ. ಒಣ ಧೂಳಿನಿಂದ ತೊಂದರೆಯಿಲ್ಲ. ಅದು ಒದ್ದೆಯಾದರೆ ಕರೆಂಟಿಗೆ ಹಾಸಿಕೊಟ್ಟ ಹಾದಿ. ಪ್ಲಗ್ಗಿಗೆ ಹೋಗಬೇಕಾದ ಕಿಡಿ ಹೊರಗೇ ಹಾರಿಹೋಗುತ್ತದೆ. ಎಕ್ಸಲರೇಟರ್ ಒತ್ತಿದಾಗಲೇ ಮಿಸ್ಸಿಂಗ್ ಹೆಚ್ಚುವುದೂ ಇದಕ್ಕೇ. ಸಿಲಿಂಡರಿನೊಳಗೆ ಒತ್ತಡ ಏರಿದಷ್ಟೂ ಕಿಡಿಗೆ ಸಂದಿ ದಾಟುವುದು ಕಷ್ಟ. ಹೊರಗಿನ ದಾರಿ ಇನ್ನಷ್ಟು ಸುಲಭ.

ಒಂದು ಸಿಕ್ಕಿತು ಎಂದು ನಿಲ್ಲಲಿಲ್ಲ

ವೈರು ಸಿಕ್ಕಿತಲ್ಲ, ಕೆಲಸ ಮುಗಿಯಿತು ಎಂದುಕೊಂಡೆ. ಚಾಚಾ ಎಂಜಿನ್ ಆಫ್ ಮಾಡಿ ಬೇರೊಂದು ಒಳ್ಳೆಯ ವೈರು ಹಾಕಿ, ಮತ್ತೆ ಚಾಲೂ ಮಾಡಿ ಸಿಂಪಡಿಸಿದರು. ಕಿಡಿ ನಿಂತಿತ್ತು. ಡಿಸ್ಟ್ರಿಬ್ಯೂಟರ್ ಕ್ಯಾಪಿನ ಮೇಲೆ ನೀರು ಬಿದ್ದಾಗ ಮತ್ತೆ ಬಿಕ್ಕಳಿಕೆ! ಕ್ಯಾಪ್ ಬಿಚ್ಚಿ ಒಳಗೆ ತೋರಿಸಿದರು. ಎರಡು ಪಾಯಿಂಟುಗಳ ನಡುವೆ ಪೆನ್ಸಿಲ್ಲಿನಲ್ಲಿ ಎಳೆದಂತೆ ಸಣ್ಣ ಕಪ್ಪು ಗೆರೆ. ಕಿಡಿ ಹರಿದು ಹರಿದು ಸುಟ್ಟ ಗುರುತು. ಒಮ್ಮೆ ಆ ಕಾರ್ಬನ್ ಗೆರೆ ಮೂಡಿತೆಂದರೆ ಒರೆಸಿ ಒಣಗಿಸುವುದು ತಾತ್ಕಾಲಿಕ, ಕ್ಯಾಪ್ ಬದಲಿಸಲೇಬೇಕು.

ಮರುದಿನ ಹೊಸ ಕ್ಯಾಪ್, ರೋಟರ್, ವೈರ್ ಸೆಟ್ ಬಂತು. ಅಷ್ಟಕ್ಕೂ ಚಾಚಾ ಗಾಡಿ ಕೊಡಲಿಲ್ಲ. ‘ನೀರು ಅಲ್ಲಿಗೆ ಬಂದದ್ದು ಹ್ಯಾಂಗ?’ ಎಂದು ಅವರ ಪ್ರಶ್ನೆ. ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಅದರ ಮೇಲೆ ಹಳೇ ದಿನಪತ್ರಿಕೆ ಹಾಸಿದರು. ಬಾನೆಟ್ ಮುಚ್ಚಿ, ಮೇಲೆ ಒಂದು ಕೊಡ ನೀರು ಸುರಿದರು. ತೆರೆದು ನೋಡಿದರೆ ಪತ್ರಿಕೆಯ ಮುಕ್ಕಾಲು ಭಾಗ ಒಣಗಿಯೇ ಇತ್ತು. ಒದ್ದೆಯಾಗಿದ್ದ ಒಂದೇ ಜಾಗ ಡಿಸ್ಟ್ರಿಬ್ಯೂಟರಿನ ನೆತ್ತಿ. ಅಲ್ಲಿ ಬಾನೆಟ್ ಅಂಚಿನ ರಬ್ಬರ್ ಪಟ್ಟಿ ಗೇಣುದ್ದ ಕಿತ್ತುಹೋಗಿತ್ತು. ಅದನ್ನು ಬದಲಿಸದಿದ್ದರೆ ಹೊಸ ಕ್ಯಾಪೂ ಬೇಗನೇ ಹಳೇ ಕ್ಯಾಪಿನ ದಾರಿ ಹಿಡಿಯುತ್ತಿತ್ತು.

ಬಿಡಿಭಾಗ, ಕೂಲಿ ಸೇರಿ 1,600 ರೂಪಾಯಿ. ದಾರಿಯಲ್ಲಿ ಅಪ್ಪ ಹೇಳಿದರು: ‘ನಮ್ಮ ಗಣ್ಯಾಗೂ ಹಿಂಗ ನೋಡವಾ. ಬಂಗಾರ ಅದ ಅಂತ ಗುಡ್ಡ ಎಲ್ಲಾ ಒಡಿಯಂಗಿಲ್ಲ. ಒಂದು ಟನ್ ಕಲ್ಲಿನಾಗ ಕೆಲವೇ ಗ್ರಾಂ ಇರ್ತದ. ಮೊದಲ ಡ್ರಿಲ್ ಹಾಕಿ ಸ್ಯಾಂಪಲ್ ತಗೀತಾರ. ಎಲ್ಲಿ ಅದ ಅಂತ ಗೊತ್ತಾದ ಮ್ಯಾಲ ಇಳೀತಾರ.’

ಹೊಸ ಗಾಡಿಯಾದರೆ?

ಇಂದಿನ ಪೆಟ್ರೋಲ್ ಕಾರುಗಳಲ್ಲಿ ಡಿಸ್ಟ್ರಿಬ್ಯೂಟರ್ ಇಲ್ಲ. ಬಹುತೇಕ ಗಾಡಿಗಳಲ್ಲಿ ಪ್ರತಿ ಪ್ಲಗ್ಗಿನ ನೆತ್ತಿಯ ಮೇಲೆ ಒಂದೊಂದು ಕಾಯಿಲ್ ಕೂತಿರುತ್ತದೆ. ಪ್ಲಗ್ಗಿನ ಗುಂಡಿಯೊಳಗೆ ಮಳೆನೀರೋ, ಪ್ರೆಶರ್ ವಾಶ್ ನೀರೋ ಇಳಿದರೆ ಅಲ್ಲೂ ಇದೇ ಕಥೆ. ಸ್ಕ್ಯಾನರ್ ಹಚ್ಚಿದರೆ ಪಿ0302 ಎಂಬಂಥ ಕೋಡ್ ಬರುತ್ತದೆ. ಎರಡನೇ ಸಿಲಿಂಡರ್ ಮಿಸ್ಸಿಂಗ್ ಎಂದರ್ಥ. ಯಾವ ಸಿಲಿಂಡರ್ ಎಂದು ಕೋಡ್ ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಆಗ ಎರಡನೇ ಕಾಯಿಲ್ ತೆಗೆದು ಮೂರನೆಯದಕ್ಕೆ, ಮೂರನೆಯದನ್ನು ಎರಡನೆಯದಕ್ಕೆ ಹಾಕಿ ನೋಡುತ್ತಾರೆ. ಕೋಡ್ ಪಿ0303 ಆದರೆ ಕಾಯಿಲ್‌ದೇ ತಪ್ಪು. ಅಲ್ಲೇ ಉಳಿದರೆ ಪ್ಲಗ್, ಇಂಜೆಕ್ಟರ್, ಕಂಪ್ರೆಶನ್ ಎಂದು ಮುಂದೆ ಹುಡುಕಬೇಕು.

ಓಡಿಸುವಾಗ ಚೆಕ್ ಎಂಜಿನ್ ದೀಪ ಮಿಣುಕತೊಡಗಿದರೆ ಹಟ ಹಿಡಿದು ಓಡಿಸಬೇಡಿ. ಸುಡದೆ ಉಳಿದ ಪೆಟ್ರೋಲ್ ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಕಾಯಿಸಿ ಕೆಡಿಸುತ್ತದೆ. ಅದರ ಬೆಲೆ ಕಾಯಿಲ್‌ಗಿಂತ ಎಷ್ಟೋ ಪಾಲು ಹೆಚ್ಚು. ಡೀಸೆಲ್ ಗಾಡಿಯಲ್ಲಿ ಸ್ಪಾರ್ಕ್ ಪ್ಲಗ್ಗೇ ಇರುವುದಿಲ್ಲವಾದ್ದರಿಂದ ಅಲ್ಲಿನ ಹುಡುಕಾಟವೇ ಬೇರೆ. ಇನ್ನೊಂದು ಮಾತು: ನೀರು ಸಿಂಪಡಿಸುವ ಪರೀಕ್ಷೆಯನ್ನು ಅನುಭವ ಇರುವವರ ಕೈಯಲ್ಲೇ ಮಾಡಿಸಿ. ಆ ವೋಲ್ಟೇಜ್ ತಮಾಷೆಯದ್ದಲ್ಲ.

ನನ್ನ ಮಳೆ ಯಾವುದು?

ಆ ವಾರ ನನ್ನ ಓದಿನ ಮೇಜಿನ ಮುಂದೆ ಕೂತಾಗ ನಗು ಬಂತು. ಎರಡು ವರ್ಷದಲ್ಲಿ ಮೂರು ಪರೀಕ್ಷೆ ಬರೆದು ಮೂರರಲ್ಲೂ ಸ್ವಲ್ಪದರಲ್ಲಿ ತಪ್ಪಿದ್ದೆ. ಪ್ರತಿ ಸಲವೂ ಏನೋ ಒಂದನ್ನು ಬದಲಿಸಿದ್ದೆ. ಒಮ್ಮೆ ಪುಸ್ತಕ, ಒಮ್ಮೆ ಆ್ಯಪ್, ಒಮ್ಮೆ ಓದುವ ಹೊತ್ತು. ಮನೆಯಲ್ಲಿ ಕೂತು ಬಿಡಿಸಿದರೆ ಎಲ್ಲ ಉತ್ತರವೂ ಸರಿ. ಅಂದರೆ ನನ್ನ ಗಾಡಿಯನ್ನೂ ಒಣಗಿದ್ದಾಗಲೇ ಪರೀಕ್ಷಿಸುತ್ತಿದ್ದೆ.

ಮುಂದಿನ ಭಾನುವಾರದಿಂದ ಗಡಿಯಾರ ಇಟ್ಟು, ಫೋನ್ ಅಮ್ಮನ ಕೈಗೆ ಕೊಟ್ಟು, ಓಎಂಆರ್ ಹಾಳೆಯ ಮೇಲೆಯೇ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿದೆ. ಮೂರನೇ ವಾರಕ್ಕೆ ಬಿರುಕು ಕಂಡಿತು. ನನಗೆ ವಿಷಯ ಗೊತ್ತಿಲ್ಲದ್ದಲ್ಲ. ಮೊದಲ ನಲವತ್ತು ಪ್ರಶ್ನೆಗಳಿಗೇ ಅರ್ಧಕ್ಕಿಂತ ಹೆಚ್ಚು ಸಮಯ ತಿನ್ನುತ್ತಿದ್ದೆ. ಉಳಿದದ್ದನ್ನು ಗಾಬರಿಯಲ್ಲಿ ತಪ್ಪು ತುಂಬುತ್ತಿದ್ದೆ. ಯಾವ ಹೊಸ ಪುಸ್ತಕವೂ ಅದನ್ನು ಸರಿಮಾಡುತ್ತಿರಲಿಲ್ಲ.

ನೌಕರಿ ಹುಡುಕುವ ಎಲ್ಲರ ತೊಂದರೆಯೂ ಇಷ್ಟು ಸಲೀಸಾಗಿ ಬಗೆಹರಿಯುತ್ತದೆ ಎಂದು ನಾನು ಹೇಳುವುದಿಲ್ಲ. ಹುದ್ದೆಗಳೇ ಇಲ್ಲದ ಕಡೆ ಬಿರುಕು ನಮ್ಮಲ್ಲಿರುವುದಿಲ್ಲ. ಆದರೆ ನಮ್ಮಲ್ಲಿ ಇದ್ದರೆ ಅದು ಕಾಣುವುದು ಮಳೆಯಲ್ಲೇ, ಬಿಸಿಲಲ್ಲಲ್ಲ.

ಈ ವರ್ಷ ಮತ್ತೊಂದು ಪರೀಕ್ಷೆ, ಮತ್ತದೇ ರಾಯಚೂರು. ಹಿಂದಿನ ರಾತ್ರಿಯಿಂದಲೇ ಮಳೆ. ಕವಿತಾಳ ಬಂದಾಗ ಅಪ್ಪ ಸ್ಟೇರಿಂಗ್ ಬಿಗಿಯಾಗಿ ಹಿಡಿದರು. ನಾನು ಎಂಜಿನ್ ಸದ್ದಿಗೆ ಕಿವಿಗೊಟ್ಟು ಕೂತೆ. ಸಿರವಾರ ಹೋಯಿತು. ವೈಪರ್ ಹೊಡೆದುಕೊಳ್ಳುತ್ತಲೇ ಇತ್ತು, ಗಾಡಿ ಓಡುತ್ತಲೇ ಇತ್ತು. ಫಲಿತಾಂಶ ಇನ್ನೂ ಬಂದಿಲ್ಲ. ನಾವು ಮುಟ್ಟಿದಾಗ ಒಂಬತ್ತೂಕಾಲು; ಗೇಟು ತೆರೆದೇ ಇತ್ತು.