ಹುಲ್ಲುಗಾವಲಿನ ನಡುವೆ ಒಂದು ಕೆರೆ

‘ಹುಲ್ಲುಗಾವಲು’ ಎಂಬ ಪದವನ್ನು ಬಿಡಿಸಿದರೆ ‘ಹುಲ್ಲು’ ಮತ್ತು ‘ಕಾವಲು’ ದೊರೆಯುತ್ತವೆ. ಉತ್ತರಪದದ ಕಕಾರಕ್ಕೆ ಗಕಾರ ಬಂದಿರುವುದರಿಂದ ಇದು ಆದೇಶ ಸಂಧಿ. ವ್ಯಾಕರಣದ ತರಗತಿಯಲ್ಲಿ ವಿವರಣೆ ಇಷ್ಟಕ್ಕೇ ಮುಗಿಯುತ್ತದೆ. ಆದರೆ ಈ ಪದದೊಳಗೆ ಒಂದು ಬಾಳುವೆಯ ಕ್ರಮವೂ ಅಡಗಿದೆ. ದನಕರುಗಳಿಗಾಗಿ ಹುಲ್ಲು ಬೆಳೆಯಗೊಟ್ಟು, ಅದನ್ನು ಕಾಯ್ದುಕೊಂಡು ಬಂದ ನೆಲವೇ ಹುಲ್ಲುಗಾವಲು. ಮೈಸೂರು ಸೀಮೆಯ ಅಮೃತಮಹಲ್ ಕಾವಲುಗಳು ಇದಕ್ಕೆ ನಿದರ್ಶನ. ಉತ್ತರ ಅಮೆರಿಕದ ‘ಪ್ರೇರಿ’ಯನ್ನೂ ಕನ್ನಡದಲ್ಲಿ ಹುಲ್ಲುಗಾವಲು ಎಂದೇ ಕರೆಯುವುದು ರೂಢಿ. ಪ್ರೇರಿ ಎಂಬುದು ಫ್ರೆಂಚ್ ಮೂಲದ ಪದ. ಹುಲ್ಲಿನ ಬಯಲು ಎಂಬಷ್ಟೇ ಅದರ ಅರ್ಥ, ಕಾಯುವ ಭಾವ ಅದರಲ್ಲಿಲ್ಲ. ಹಾಗಾದರೆ ಆ ಬಯಲಿನಲ್ಲಿ ಕಾವಲು ಯಾವುದಕ್ಕಿದೆ, ಯಾವುದಕ್ಕಿಲ್ಲ? ಕಾನ್ಸಾಸ್ ರಾಜ್ಯದ ಪಶ್ಚಿಮ ಭಾಗದಲ್ಲಿರುವ ಸ್ಕಾಟ್ ಕೆರೆಯ ರಾಜ್ಯೋದ್ಯಾನವನ್ನು ಈ ಪ್ರಶ್ನೆಯೊಡನೆ ನೋಡಬಹುದು.

ಸ್ಕಾಟ್ ಸಿಟಿ ಎಂಬ ಸಣ್ಣ ಪಟ್ಟಣದಿಂದ ಉತ್ತರಕ್ಕೆ ಹೊರಟ ಪ್ರವಾಸಿಗೆ ಮೊದಲು ಕಾಣುವುದು ಹುಲ್ಲಲ್ಲ, ಹೊಲ. ಗೋದಿ, ಮೆಕ್ಕೆಜೋಳ, ಜೋಳದ ಬೆಳೆ ದಿಗಂತದವರೆಗೆ ಹರಡಿಕೊಂಡಿರುತ್ತದೆ. ಸೊಲ್ಲಾಪುರ ಸೀಮೆಯವರು ರೊಟ್ಟಿ ತಟ್ಟುವ ಜೋಳದ ಕುಲವೇ ಅಲ್ಲಿ ಬಹುಮಟ್ಟಿಗೆ ದನಗಳ ಮೇವು. ಸಾಮ್ಯ ಇಷ್ಟಕ್ಕೇ ನಿಲ್ಲುವುದಿಲ್ಲ. ಸಹ್ಯಾದ್ರಿಯ ಮರೆಯಲ್ಲಿ ಈ ಸೀಮೆ ಮಳೆನೆರಳಿನ ನಾಡಾದಂತೆ, ರಾಕಿ ಪರ್ವತಶ್ರೇಣಿಯ ಮರೆಯಲ್ಲಿ ಆ ನಾಡೂ ಮಳೆನೆರಳಿಗೆ ಸಿಕ್ಕಿದೆ. ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆಯಾಗುವ ಅಲ್ಲಿ ಸಹಜವಾಗಿ ಬೆಳೆಯುವುದು ಗಿಡ್ಡ ಜಾತಿಯ ಹುಲ್ಲು. ಬೇರನ್ನು ಆಳಕ್ಕಿಳಿಸಿ ಮಣ್ಣನ್ನು ಬಿಗಿಹಿಡಿದಿದ್ದ ಆ ಹುಲ್ಲನ್ನು ಉತ್ತು ತೆಗೆದುದರ ಫಲವನ್ನು ಜನ 1930ರ ದಶಕದಲ್ಲಿ ಧೂಳಿನ ಬಿರುಗಾಳಿಗಳ ರೂಪದಲ್ಲಿ ಉಂಡರು.

ಸಮತಟ್ಟಾದ ಈ ಬಯಲು ಹಠಾತ್ತನೆ ಕುಸಿದು ಕಣಿವೆಯಾಗುವಲ್ಲಿ ಉದ್ಯಾನವಿದೆ. ಅದರ ವಿಸ್ತಾರ ಸುಮಾರು 1,000 ಎಕರೆ. ನಡುವಿನ ಜಲರಾಶಿ ಸುಮಾರು 100 ಎಕರೆ. ಇಂಗ್ಲಿಷಿನ ‘ಲೇಕ್’ ಎಂಬ ಪದಕ್ಕೆ ಇಲ್ಲಿ ‘ಸರೋವರ’ ಎನ್ನುವುದಕ್ಕಿಂತ ‘ಕೆರೆ’ ಎನ್ನುವುದೇ ಸರಿಯಾದ ಅನುವಾದ. ಏಕೆಂದರೆ ಇದು ತಾನಾಗಿ ಉಂಟಾದುದಲ್ಲ, ಲ್ಯಾಡರ್ ಕ್ರೀಕ್ ಎಂಬ ಹಳ್ಳಕ್ಕೆ ಒಡ್ಡು ಹಾಕಿ 1930ರಲ್ಲಿ ಕಟ್ಟಿದ್ದು. ಹಳ್ಳದ ನೀರಿಗೆ ಒಡ್ಡು ಕಟ್ಟಿ ನಿಲ್ಲಿಸಿದ್ದನ್ನು ಕನ್ನಡಿಗರು ಹಿಂದಿನಿಂದಲೂ ಕೆರೆ ಎಂದೇ ಕರೆದಿದ್ದಾರೆ.

ಬರುವವರಲ್ಲಿ ಹೆಚ್ಚಿನವರಿಗೆ ಗಾಳ ಮತ್ತು ಡೇರೆಗಳೇ ಆಕರ್ಷಣೆ. ದಡದ ಮರಗಳ ನೆರಳಿನಲ್ಲಿ ಡೇರೆ ಹೂಡಲು ಸ್ಥಳಗಳಿವೆ; ಮನೆಯಂತೆ ಸಜ್ಜಾದ ವಾಹನಗಳನ್ನು ನಿಲ್ಲಿಸಿ ವಿದ್ಯುತ್ ಸಂಪರ್ಕ ಪಡೆಯುವ ಅನುಕೂಲವೂ ಇದೆ. ಕ್ಯಾಟ್‌ಫಿಶ್, ಬಾಸ್, ಕ್ರ್ಯಾಪಿ ಜಾತಿಯ ಮೀನುಗಳು ಇಲ್ಲಿ ಗಾಳಕ್ಕೆ ಬೀಳುತ್ತವೆ. ಆದರೆ ಇದು ಮನಬಂದಂತೆ ಹಿಡಿಯುವ ಬೇಟೆಯಲ್ಲ. ವಾಹನಕ್ಕೆ ಪ್ರವೇಶಪತ್ರ, ತಂಗುವುದಕ್ಕೆ ಶುಲ್ಕ, ಗಾಳ ಹಾಕುವುದಕ್ಕೆ ರಾಜ್ಯದ ಪರವಾನಗಿ ಬೇಕು. ದಿನವೊಂದಕ್ಕೆ ಎಷ್ಟು ಮೀನು ಹಿಡಿಯಬಹುದು, ಯಾವ ಜಾತಿಯಲ್ಲಿ ಎಷ್ಟು ಉದ್ದದ್ದನ್ನು ಇಟ್ಟುಕೊಳ್ಳಬಹುದು ಎಂಬುದಕ್ಕೂ ನಿಯಮವಿದೆ. ಅಳತೆಗೆ ಬಾರದ ಮೀನನ್ನು ನೀರಿಗೆ ಮರಳಿ ಬಿಡಬೇಕು. ನೆಲಕ್ಕೂ ಮೀನಿಗೂ ಇರುವ ಕಾವಲು ಇದು.

ಈ ಕಣಿವೆಯನ್ನು ಆಶ್ರಯಿಸಿದವರಲ್ಲಿ ಪ್ರವಾಸಿಗಳು ಮೊದಲಿಗರಲ್ಲ. ಉದ್ಯಾನದಲ್ಲಿ ‘ಎಲ್ ಕ್ವಾರ್ತೆಲೆಹೊ’ ಎಂಬ ಹೆಸರಿನ ಏಳು ಕೋಣೆಗಳ ಮನೆಯ ತಳಪಾಯವಿದೆ. 17ನೆಯ ಶತಮಾನದಲ್ಲಿ ಸ್ಪೇನಿನ ಆಳ್ವಿಕೆಯನ್ನು ತಾಳಲಾರದೆ ನ್ಯೂ ಮೆಕ್ಸಿಕೊ ಪ್ರಾಂತದಿಂದ ಓಡಿಬಂದ ಪ್ವೆಬ್ಲೊ ಜನರು ಇಲ್ಲಿ ಅಪಾಚೆಗಳೊಡನೆ ನೆಲೆಸಿದ್ದರು. 1898ರಲ್ಲಿ ಉತ್ಖನನಗೊಂಡ ಈ ನೆಲೆಗೆ 1964ರಲ್ಲಿ ರಾಷ್ಟ್ರೀಯ ಸ್ಮಾರಕದ ಮನ್ನಣೆ ದೊರೆಯಿತು. ಕೆರೆಗೆ ತುಸು ದಕ್ಷಿಣದಲ್ಲಿ ಇನ್ನೊಂದು ಕಣಿವೆಯಿದೆ. ಒತ್ತಾಯದಿಂದ ದಕ್ಷಿಣಕ್ಕೆ ಸಾಗಿಸಲ್ಪಟ್ಟಿದ್ದ ಉತ್ತರದ ಶಯೆನ್ ಜನರು ತಾಯ್ನೆಲಕ್ಕೆ ಮರಳುತ್ತಿದ್ದಾಗ, 1878ರ ಸೆಪ್ಟೆಂಬರ್ 27ರಂದು ಅಮೆರಿಕದ ಸೈನ್ಯಕ್ಕೂ ಅವರಿಗೂ ಅಲ್ಲಿ ಕಾಳಗವಾಯಿತು. ಹೆಂಗಸರೂ ಮಕ್ಕಳೂ ಕಣಿವೆಯ ಮರೆಯಲ್ಲಿ ಅಡಗಿದ್ದರು. ನೆಲೆ ಅರಸಿ ಬಂದವರೂ ನೆಲೆಗೆ ಮರಳಹೊರಟವರೂ ಈ ಒಣನಾಡಿನಲ್ಲಿ ನೀರಿರುವ ಕಣಿವೆಗಳನ್ನೇ ಹಿಡಿದು ನಡೆದರು.

ಆ ನೀರು ಬರುವುದು ಎಲ್ಲಿಂದ? ಇದೇ ಈ ಪ್ರವಾಸದ ಮುಖ್ಯ ಪ್ರಶ್ನೆ. ಉದ್ಯಾನದೊಳಗಿನ ‘ಬಿಗ್ ಸ್ಪ್ರಿಂಗ್ಸ್’ ಎಂಬ ಬುಗ್ಗೆಯಿಂದ ಎಲ್ಲ ಋತುಗಳಲ್ಲಿಯೂ ತಣ್ಣನೆಯ ನೀರು ಹೊರಡುತ್ತದೆ. ಎಳ್ಳುಕಾಳಿನ ಗಾತ್ರದ ಒಂದು ಜಲಕೀಟ ಈ ಬುಗ್ಗೆಯ ಹರಿವಿನಲ್ಲಿ ಬದುಕಿದೆ. ಲೋಕದ ಬೇರೆಲ್ಲಿಯೂ ಅದು ಕಂಡುಬಂದಿಲ್ಲ. ಬುಗ್ಗೆಗೆ ನೀರೂಡುವುದು ಓಗಲಾಲಾ ಎಂಬ ಅಂತರ್ಜಲದ ಪದರ. ಎಂಟು ರಾಜ್ಯಗಳ ಅಡಿಯಲ್ಲಿ ಹಬ್ಬಿರುವ ಈ ಪದರದಿಂದ ಎರಡನೆಯ ಮಹಾಯುದ್ಧದ ತರುವಾಯ ಯಂತ್ರಗಳು ನೀರನ್ನು ಎತ್ತತೊಡಗಿದವು. ಮಳೆ ತುಂಬಿಕೊಡುವುದಕ್ಕಿಂತ ಎಷ್ಟೋ ಹೆಚ್ಚಾಗಿ ಹೊಲಗಳು ಹೀರಿಕೊಂಡವು. ಪಶ್ಚಿಮ ಕಾನ್ಸಾಸಿನ ಹಲವು ಹಳ್ಳಗಳು ಬತ್ತಿದವು. ಕೀಟವನ್ನು ರಾಜ್ಯದ ಕಾನೂನು ಅಳಿವಿನಂಚಿನ ಜೀವಿ ಎಂದು ಗುರುತಿಸಿ ರಕ್ಷಿಸಿದೆ. ಆದರೆ ಅದರ ಬಾಳಿಗೆ ಆಧಾರವಾದ ನೀರಿರುವುದು ಉದ್ಯಾನದ ಗಡಿಯಾಚೆಯ ಖಾಸಗಿ ಹೊಲಗಳ ತಳದಲ್ಲಿ. ಬೇಲಿ ಹುಲ್ಲನ್ನು ಕಾಯಬಲ್ಲದು, ನೆಲದಡಿಯ ಸೆಲೆಯನ್ನು ಕಾಯಲಾರದು.

ಕಬ್ಬಿನ ಹೊಲಗಳ ನಡುವೆ ವರ್ಷ ವರ್ಷವೂ ಆಳಕ್ಕಿಳಿಯುವ ಕೊಳವೆಬಾವಿಗಳನ್ನು ಕಂಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಎರೆಭೂತ ಹಕ್ಕಿಗಾಗಿ ಕಾಯ್ದಿಟ್ಟ ನಾನಜದ ಹುಲ್ಲುಬಯಲು ಸೊಲ್ಲಾಪುರಕ್ಕೆ ದೂರವಿಲ್ಲ. ಮರಾಠಿಯಲ್ಲಿ ಮಾಳರಾನ, ಕನ್ನಡದಲ್ಲಿ ಮಾಳ, ಮಡ್ಡಿ; ಊರ ದನಗಳಿಗೆ ಬಿಟ್ಟದ್ದು ಎರಡೂ ಮಾತಿನವರ ಬಾಯಲ್ಲಿ ಗಾಯರಾನ. ಇಷ್ಟು ಹೆಸರು ಪಡೆದ ನೆಲವನ್ನು ಇಂದು ‘ಬಂಜರು’ ಎಂಬ ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸಾಮಾನ್ಯವಾಗಿದೆ. ‘ಹುಲ್ಲುಗಾವಲು’ ಎಂಬ ಪದದ ಸಂಧಿಯನ್ನು ಬಿಡಿಸಿ ಹೆಸರಿಸುವ ವಿದ್ಯಾರ್ಥಿ ಅದರ ಉತ್ತರಪದವನ್ನು ಇನ್ನೊಮ್ಮೆ ಓದಬೇಕು. ಅಲ್ಲಿ ಕಾಯುವವರ ಕೆಲಸವನ್ನು ಹೇಳಿದೆ. ಆ ಕೆಲಸ ಹುಲ್ಲಿನ ಬೇರಿಗಿಂತಲೂ ಕೆಳಗೆ, ನೀರಿರುವ ಆಳದವರೆಗೆ ಇಳಿಯಬೇಕಾಗಿದೆ.