ಈ ಗೋಪುರ ಯಾಕೆ ವಾಲಿದೆ?

ಚಿತ್ರವನ್ನು ಸರಿಯಾಗಿ ನೋಡಿ. ಗೋಪುರ ಎಡಕ್ಕೆ ವಾಲಿದೆ, ಅಲ್ಲವೇ?

ಇದು ಬಾಬೆಲ್ ಗೋಪುರ. 1563ರಲ್ಲಿ ಪೀಟರ್ ಬ್ರೂಗೆಲ್ ಬಿಡಿಸಿದ್ದು, ಈಗ ವಿಯೆನ್ನಾದ ಮ್ಯೂಸಿಯಂನಲ್ಲಿದೆ. ಕಥೆ ಬೈಬಲ್ಲಿನದು. ಒಂದೇ ಭಾಷೆಯ ಜನ ಆಕಾಶ ಮುಟ್ಟುವ ಗೋಪುರಕ್ಕೆ ಕೈಹಾಕುತ್ತಾರೆ. ದೇವರು ಅವರ ಭಾಷೆಯನ್ನೇ ಕಲಸಿಬಿಡುತ್ತಾನೆ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದೆ ಕೆಲಸ ನಿಂತುಹೋಗುತ್ತದೆ.

ಬ್ರೂಗೆಲ್ ರೋಮ್ ನೋಡಿ ಬಂದವನು. ಈ ಸಾಲು ಸಾಲು ಕಮಾನುಗಳು ಅಲ್ಲಿನ ಕೊಲೊಸಿಯಂ ನೆನಪಿಸುತ್ತವೆ. ಅವನು ನೋಡುವಾಗಲೇ ಅದು ಪಾಳುಬಿದ್ದಿತ್ತು. ಮನುಷ್ಯನ ಗರ್ವಕ್ಕೆ ಇದಕ್ಕಿಂತ ಒಳ್ಳೆಯ ಗುರುತು ಎಲ್ಲಿ ಸಿಗಬೇಕು?

ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ ಬೇರೆಯೇ. ದಾರಿ ಸುರುಳಿಯಾಗಿ ಮೇಲೇರುತ್ತದೆ. ಕಮಾನುಗಳನ್ನು ತೂಗುಗುಂಡಿನ ನೇರಕ್ಕೆ ನಿಲ್ಲಿಸಿಲ್ಲ, ಆ ಇಳಿಜಾರನ್ನೇ ನೆಲವೆಂದುಕೊಂಡು ಕಟ್ಟಿದ್ದಾರೆ. ಹಾಗಾಗಿ ಒಂದೊಂದೂ ಓರೆ. ಮೇಲೆ ಹೊಸ ಅಂತಸ್ತು ಏಳುತ್ತಿದೆ, ಕೆಳಗಿನದೇ ಇನ್ನೂ ಮುಗಿದಿಲ್ಲ. ದೇವರು ಕೈಯಾಡಿಸುವ ಮೊದಲೇ ಲೆಕ್ಕ ತಪ್ಪಿದೆ!

ಆದರೂ ಆಳುಗಳ ದುಡಿಮೆಯನ್ನು ಬ್ರೂಗೆಲ್ ಎಷ್ಟು ಅಕ್ಕರೆಯಿಂದ ಬಿಡಿಸಿದ್ದಾನೆ ನೋಡಿ. ದೊಡ್ಡ ಮರದ ಚಕ್ರದೊಳಗೆ ಆಳುಗಳು ನಡೆಯುತ್ತಾರೆ, ಚಕ್ರ ತಿರುಗುತ್ತದೆ, ಕಲ್ಲು ಮೇಲೇರುತ್ತದೆ. ಕೆಳಗೆ ಎಡಮೂಲೆಯಲ್ಲಿ ಗೋಪುರ ಕಟ್ಟಿಸುತ್ತಿರುವ ರಾಜ ನಿಮ್ರೋದ ಬಂದಿದ್ದಾನೆ. ಕಲ್ಲುಕುಟಿಗರು ಅವನೆದುರು ಮಂಡಿಯೂರಿದ್ದಾರೆ.

ಹಿಂದೆ ಕಾಣುವ ಊರು ಕಥೆಯ ಬಾಬೆಲ್ ಅಲ್ಲ. ಬ್ರೂಗೆಲ್ ವರ್ಷಗಟ್ಟಲೆ ದುಡಿದ, ಹತ್ತು ಭಾಷೆಯ ವ್ಯಾಪಾರಿಗಳು ಬಂದಿಳಿಯುತ್ತಿದ್ದ ಆಂಟ್ವರ್ಪ್‌ನಂಥ ಊರು. ಗೋಪುರ ವಾಲಿರುವುದು ಅದರ ಕಡೆಗೇ.